ಗೂಂ ಅನ್ನದ ಗಿಟಾರ್: ವೇದಿಕೆಯಲ್ಲಿ ಅಕೌಸ್ಟಿಕ್ ಗಿಟಾರ್ ಸೌಂಡ್ ಸರಿ ಮಾಡಿಕೊಳ್ಳುವುದು ಹೇಗೆ

ತುಮಕೂರಿನ ಗಾಜಿನಮನೆಯಲ್ಲಿ ಮೊದಲ ಸಲ ಗಿಟಾರ್ ನುಡಿಸಿದಾಗ ಒಂದೇ ಒಂದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ನನ್ನ ಮಾನ ಕಳೆಯಿತು. ಜಿ ಮೇಜರ್. ಬೇರೆ ಯಾವುದು ಹಿಡಿದರೂ ಸುಮಾರಾಗಿ ಕೇಳಿಸುತ್ತಿತ್ತು. ಜಿ ಬಂದರೆ ಸಾಕು, ಸ್ಪೀಕರ್ ಬಾಕ್ಸ್‌ಗಳಿಂದ ‘ಗೂಂ’ ಎಂದು ಟ್ರಾನ್ಸ್‌ಫಾರ್ಮರ್ ಥರದ ಸದ್ದು ಏಳುತ್ತಿತ್ತು. ಅಂಗೈಯಿಂದ ತಂತಿ ಮುಚ್ಚಿದರೂ ನಿಲ್ಲುತ್ತಿರಲಿಲ್ಲ. ಹಾಡುತ್ತಿದ್ದ ಮೇಡಂ ಎರಡು ಸಲ ತಿರುಗಿ ನೋಡಿದರು. ಮೂರನೇ ಸಲ ಮೈಕ್ ಸೆಟ್ ಅಣ್ಣ ಮಿಕ್ಸರ್‌ನಲ್ಲಿ ನನ್ನ ಫೇಡರನ್ನು (ಸದ್ದು ಏರಿಸಿಳಿಸುವ ಜಾರುಗುಂಡಿ) ಪೂರ್ತಿ ಕೆಳಗಿಳಿಸಿಬಿಟ್ಟರು. ಉಳಿದ ಐದು ಭಾವಗೀತೆಗೂ ನಾನು ಸುಮ್ನೆ ಕೈ ಆಡಿಸಿದೆ.

ಆಮೇಲೆ ಲೆಕ್ಕ ಹಾಕಿದಾಗ ವಿಷಯ ಗೊತ್ತಾಯಿತು. ಜಿ ಕಾರ್ಡ್‌ನ ಕೆಳಸ್ವರ ದಪ್ಪ ತಂತಿಯ ಮೂರನೇ ಫ್ರೆಟ್‌ನಲ್ಲಿದೆ. ಅದು ಸುಮಾರು 98 ಹರ್ಟ್ಜ್. ಗಿಟಾರ್ ಹೊಟ್ಟೆಯೊಳಗಿನ ಗಾಳಿಗೂ ತನ್ನದೇ ಒಂದು ಸ್ವರವಿದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಹಾಗೆ. ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಗಿಟಾರ್‌ಗಳಲ್ಲಿ ಅದು ಸಾಮಾನ್ಯವಾಗಿ 90ರಿಂದ 110 ಹರ್ಟ್ಜ್ ನಡುವೆ ಬೀಳುತ್ತದೆ. ಬಾಕ್ಸ್‌ನಿಂದ ಬಂದ ಜಿ ಸ್ವರ ಸೌಂಡ್ ಹೋಲ್ ಮೂಲಕ ಒಳಗೆ ಹೋಗಿ ಇಡೀ ಹೊಟ್ಟೆಯನ್ನು ಅಲುಗಿಸುತ್ತಿತ್ತು. ಗಿಟಾರ್ ಸದ್ದನ್ನು ಸಿಗ್ನಲ್ ಆಗಿ ಬದಲಿಸುವ ಪಿಕಪ್ ಆ ಅಲುಗಾಟವನ್ನೂ ಹಿಡಿದು ಮತ್ತೆ ಬಾಕ್ಸ್‌ಗೆ ಕಳಿಸುತ್ತಿತ್ತು. ಸುತ್ತಿ ಸುತ್ತಿ ಅದೇ. ಇದಕ್ಕೇ ಫೀಡ್‌ಬ್ಯಾಕ್ ಅನ್ನುವುದು. ಅಣ್ಣನ ತಪ್ಪು ಏನೂ ಇರಲಿಲ್ಲ. ನಾನು ಅವರ ಕೈಗೆ ಕೊಟ್ಟಿದ್ದೇ ಅಂಥ ಸೌಂಡ್.

ಆವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಗಿಟಾರ್, ಆಮೇಲೆ ಡಿಐ ಬಾಕ್ಸ್ (ಗಿಟಾರ್ ಸಿಗ್ನಲ್ಲನ್ನು ಮಿಕ್ಸರ್‌ಗೆ ಕಳಿಸುವ ಸಣ್ಣ ಪೆಟ್ಟಿಗೆ), ಆಮೇಲೆ ಕೂರುವ ಜಾಗ, ಆಮೇಲೆ ಗೇನ್ (ಮಿಕ್ಸರ್‌ಗೆ ಬರುವ ಸಿಗ್ನಲ್ ಎಷ್ಟು ಏರಿಸಬೇಕು ಅನ್ನುವುದು), ಕೊನೆಗೆ ಇಕ್ಯೂ (ಬಾಸ್, ಮಿಡ್, ಟ್ರೆಬಲ್ ಏರಿಸಿಳಿಸುವುದು). ನಮ್ಮಲ್ಲಿ ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಸೌಂಡ್ ಸರಿಯಿಲ್ಲ ಅಂದ ಕೂಡಲೇ ಇಕ್ಯೂ ಗುಂಡಿಗೆ ಕೈ ಹಾಕುತ್ತಾರೆ. ಅಷ್ಟು ಹೊತ್ತಿಗೆ ಕೆಲಸ ಕೆಟ್ಟು ಹೋಗಿರುತ್ತದೆ.

ಮೊದಲು ಮನೆಯಲ್ಲಿ

ನಿಮ್ಮ ಗಿಟಾರ್‌ನಲ್ಲಿ ಯಾವ ಪಿಕಪ್ ಇದೆ ಅಂತ ಮೊದಲು ತಿಳಿದುಕೊಳ್ಳಿ. ನಮ್ಮ ಅಂಗಡಿಗಳಲ್ಲಿ ‘ಸೆಮಿ ಅಕೌಸ್ಟಿಕ್’ ಅಂತ ಮಾರುವ ಗಿಟಾರ್‌ಗಳಲ್ಲಿ ಹೆಚ್ಚಿನವಕ್ಕೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಒರಗುವ ಸಣ್ಣ ಬಿಳಿ ತುಂಡು) ಕೆಳಗೆ ಪೀಜೋ ಪಟ್ಟಿ ಇರುತ್ತದೆ. ಪಕ್ಕೆಯಲ್ಲಿ ವಾಲ್ಯೂಮ್, ಬಾಸ್, ಟ್ರೆಬಲ್ ಗುಂಡಿಗಳಿರುವ, ಸಿಗ್ನಲ್ ಬಲಪಡಿಸುವ ಪ್ರಿಆಂಪ್, ಒಳಗೆ 9 ವೋಲ್ಟ್ ಬ್ಯಾಟರಿ. ಪೀಜೋ ಒತ್ತಡವನ್ನು ಸಿಗ್ನಲ್ ಆಗಿ ಬದಲಿಸುತ್ತದೆ. ಹೊಡೆತ ಜೋರಾದರೆ ‘ಟ್ಯಾಕ್ ಟ್ಯಾಕ್’ ಎಂದು ಪ್ಲಾಸ್ಟಿಕ್ ಥರ ಕೇಳಿಸುತ್ತದೆ. ಎರಡನೆಯದು ಸೌಂಡ್ ಹೋಲ್‌ಗೆ ಅಡ್ಡಲಾಗಿ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್. ಸೌಂಡ್ ಸ್ವಲ್ಪ ಎಲೆಕ್ಟ್ರಿಕ್ ಗಿಟಾರ್ ಕಡೆ ವಾಲುತ್ತದೆ, ಆದರೆ ಫೀಡ್‌ಬ್ಯಾಕ್ ಕಮ್ಮಿ. ನೈಲಾನ್ ತಂತಿಗೆ ಇದು ಕೆಲಸ ಮಾಡುವುದಿಲ್ಲ. ಮೂರನೆಯದು ಒಳಗೆ ಬ್ರಿಡ್ಜ್ ಅಡಿಯ ಮರಕ್ಕೆ ಅಂಟಿಸುವ ಸಣ್ಣ ಬಿಲ್ಲೆಗಳು. ಮರದ ದನಿ ಚೆನ್ನಾಗಿ ಬರುತ್ತದೆ, ಜೊತೆಗೆ ಗೂಂ ಸದ್ದೂ ಬೇಗ ಬರುತ್ತದೆ. ಗದ್ದಲದ ಆರ್ಕೆಸ್ಟ್ರಾ ನಡುವೆ ಕೂರುವವರಿಗೆ ನಾನು ಮ್ಯಾಗ್ನೆಟಿಕ್ ಹೇಳುತ್ತೇನೆ. ಒಬ್ಬರೇ ಹಾಡಿಕೊಂಡು ನುಡಿಸುವವರಿಗೆ ಬಿಲ್ಲೆ ಪಿಕಪ್ ಚಂದ.

ಪೀಜೋ ಇರುವವರು ಒಂದು ಪರೀಕ್ಷೆ ಮಾಡಿ. ಪ್ಲಗ್ ಹಾಕಿ, ಆರೂ ತಂತಿಗಳನ್ನು ಒಂದೇ ಬಲದಲ್ಲಿ ಒಂದೊಂದಾಗಿ ಮೀಟಿ. ಒಂದು ತಂತಿ ಮಾತ್ರ ಸತ್ತಂತೆ ಕೇಳಿಸಿದರೆ ಸ್ಯಾಡಲ್‌ನ ಅಡಿ ಆ ಜಾಗದಲ್ಲಿ ಪಟ್ಟಿಯ ಮೇಲೆ ಸರಿಯಾಗಿ ಕೂತಿಲ್ಲ ಎಂದರ್ಥ. ನನ್ನದರಲ್ಲಿ ಬಿ ತಂತಿ ಹೀಗೆ ಮಂಕಾಗಿತ್ತು. ತಂತಿ ಸಡಿಲ ಮಾಡಿ ಸ್ಯಾಡಲ್ ಹೊರಗೆ ತೆಗೆದೆ. ಕಿಟಕಿ ಗಾಜಿನ ಚೂರಿನ ಮೇಲೆ ನುಣುಪಾದ ಉಪ್ಪುಕಾಗದ ಅಂಟಿಸಿದೆ. ಸ್ಯಾಡಲ್‌ನ ಅಡಿಭಾಗಕ್ಕೆ ಪೆನ್ಸಿಲ್‌ನಿಂದ ಪೂರ್ತಿ ಗೀರು ಎಳೆದು, ನೆಟ್ಟಗೆ ಹಿಡಿದು ಹತ್ತು ಸಲ ಉಜ್ಜಿ ನೋಡಿದೆ. ಎರಡು ತುದಿಯ ಗೀರು ಹೋಗಿತ್ತು, ಬಿ ತಂತಿ ಕೆಳಗಿನದು ಹಾಗೇ ಉಳಿದಿತ್ತು. ಅಲ್ಲೇ ತಗ್ಗು! ಗೀರೆಲ್ಲ ಅಳಿಸುವವರೆಗೆ ಉಜ್ಜಿ, ಹಾಕಿದರೆ ಆರೂ ತಂತಿ ಸಮ. ಒಂದು ಎಚ್ಚರ: ಸ್ಯಾಡಲ್ ಅಡಿ 1 ಮಿಲಿಮೀಟರ್ ತೆಗೆದರೆ ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಸುಮಾರು ಅರ್ಧ ಮಿಲಿಮೀಟರ್ ಕೆಳಗಿಳಿಯುತ್ತದೆ. ಜಾಸ್ತಿ ಉಜ್ಜಿದರೆ ತಂತಿ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ. ಕೈ ನಂಬಿಕೆ ಇಲ್ಲದಿದ್ದರೆ ರಿಪೇರಿಯವರಿಗೆ ಕೊಡಿ.

ತಂತಿಯನ್ನು ಕಾರ್ಯಕ್ರಮದ ದಿನವೇ ಬದಲಿಸಬೇಡಿ. ಹೊಸ ತಂತಿ ಎಳೆದುಕೊಳ್ಳುತ್ತಾ ಶ್ರುತಿ ಬಿಡುತ್ತದೆ, ಪೀಜೋದಲ್ಲಿ ಕರ್ಕಶವಾಗಿಯೂ ಕೇಳಿಸುತ್ತದೆ. ಎರಡು ದಿನ ಮುಂಚೆ ಹಾಕಿ.

ಬ್ಯಾಟರಿ ವಿಷಯ. ಕೇಬಲ್ ಸಿಕ್ಕಿಸಿದರೆ ಪ್ರಿಆಂಪ್ ಆನ್ ಆಗುತ್ತದೆ. ಆಫ್ ಸ್ವಿಚ್ ಬೇರೆ ಇರುವುದಿಲ್ಲ. ಪ್ರಾಕ್ಟೀಸ್ ಮುಗಿದ ಮೇಲೆ ರಾತ್ರಿಯೆಲ್ಲ ಕೇಬಲ್ ಹಾಗೇ ಬಿಟ್ಟರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ. ಬ್ಯಾಟರಿ ಸಾಯುವಾಗ ಸೌಂಡ್ ಮೊದಲು ಒಡೆಯುತ್ತದೆ, ‘ಕರ್ ಕರ್’ ಅನ್ನುತ್ತದೆ. ಮೈಕ್ ಸೆಟ್‌ನವರು ಕೇಬಲ್ ಹಾಳು ಅಂತ ಮೂರು ಕೇಬಲ್ ಬದಲಿಸಿದ್ದನ್ನು ನಾನೇ ನೋಡಿದ್ದೇನೆ. ಬ್ಯಾಗ್‌ನಲ್ಲಿ ಒಂದು ಹೊಸ 9 ವೋಲ್ಟ್ ಬ್ಯಾಟರಿ ಯಾವಾಗಲೂ ಇರಲಿ. ನಿಮ್ಮದೇ ಒಂದು ಒಳ್ಳೆ ಕೇಬಲ್ಲೂ ಇರಲಿ. ಅಂಗಡಿಯವರು ಪಿ-38 ಅನ್ನುವ ಆ ದಪ್ಪ ಪಿನ್ ಎರಡು ತುದಿಗೂ ಇರಬೇಕು.

ಸೌಂಡ್ ಹೋಲ್‌ಗೆ ಒಂದು ಮುಚ್ಚಳ

ನನ್ನ ಜಿ ಕಾರ್ಡ್ ಸಮಸ್ಯೆಗೆ ಮುಕ್ಕಾಲು ಮದ್ದು ಸಿಕ್ಕಿದ್ದು ಇಲ್ಲಿ. ಸೌಂಡ್ ಹೋಲ್ ಮುಚ್ಚುವ ರಬ್ಬರ್ ಬಿಲ್ಲೆ ಮ್ಯೂಸಿಕ್ ಅಂಗಡಿಗಳಲ್ಲಿ ಸಿಗುತ್ತದೆ. ಸೌಂಡ್ ಹೋಲ್ ಸಾಮಾನ್ಯವಾಗಿ 10 ಸೆಂಟಿಮೀಟರ್ ಅಗಲ. ಅಂದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಿಂತ ಸಣ್ಣದು, ಮನೆ ಇಡ್ಲಿಗಿಂತ ದೊಡ್ಡದು. ನಾನು ಮೊದಲು ಗಟ್ಟಿ ಫೋಮ್ ಶೀಟ್ ಕತ್ತರಿಸಿ ಸಿಕ್ಕಿಸಿದ್ದೆ. ಅದೂ ನಡೆಯುತ್ತದೆ. ತೂತು ಮುಚ್ಚಿದರೆ ಗಾಳಿಯ ಓಡಾಟ ನಿಂತು ಆ ಗೂಂ ಸ್ವರ ಬಹಳ ಮಟ್ಟಿಗೆ ತಗ್ಗುತ್ತದೆ. ಗಿಟಾರ್‌ನಿಂದ ನೇರವಾಗಿ ಬರುವ ಸದ್ದು ಕಮ್ಮಿ ಆಗುತ್ತದೆ ನಿಜ, ಆದರೆ ಜನರಿಗೆ ಕೇಳಿಸುವುದು ಪಿಕಪ್ ಕಳಿಸಿದ್ದು ತಾನೇ? ನೋಡಲು ಸ್ವಲ್ಪ ವಿಚಿತ್ರ. ಮದುವೆ ಫೋಟೋದಲ್ಲಿ ಗಿಟಾರ್‌ಗೆ ಬಾಯಿ ಕಟ್ಟಿದ ಹಾಗೆ ಬರುತ್ತದೆ.

ಡಿಐ ಬಾಕ್ಸ್

ಗಿಟಾರ್ ಕೇಬಲ್ಲನ್ನು ನೇರವಾಗಿ 20 ಮೀಟರ್ ಆಚೆಯ ಮಿಕ್ಸರ್‌ಗೆ ಎಳೆದರೆ ದಾರಿಯುದ್ದಕ್ಕೂ ಇರುವ ಲೈಟಿನ ವೈರ್‌ಗಳ ಗುಂಯ್‌ಗುಡುವಿಕೆಯೆಲ್ಲ ಅದರೊಳಗೆ ಸೇರುತ್ತದೆ. 5–6 ಮೀಟರ್ ದಾಟದಿದ್ದರೆ ಒಳ್ಳೆಯದು. ಡಿಐ ಬಾಕ್ಸ್ ನಿಮ್ಮ ಕಾಲ ಬಳಿ ಇರುತ್ತದೆ. ಗಿಟಾರ್ ಸಿಗ್ನಲ್ ತೆಗೆದುಕೊಂಡು, ಮೈಕ್ ಕೇಬಲ್‌ನಲ್ಲಿ ಹೋಗುವಂತೆ ಬ್ಯಾಲೆನ್ಸ್ಡ್ (ಹೊರಗಿನ ಗುಂಯ್ ಸೇರದ ಹಾಗೆ) ಮಾಡಿ ಕಳಿಸುತ್ತದೆ. ಎಕ್ಸ್‌ಎಲ್‌ಆರ್ ಅನ್ನುವ ಆ ಮೈಕ್ ಕೇಬಲ್ ಎಷ್ಟು ಉದ್ದ ಹೋದರೂ ಚಿಂತೆಯಿಲ್ಲ.

ಇದರಲ್ಲಿ ಎರಡು ಜಾತಿ. ಪ್ಯಾಸಿವ್‌ಗೆ ಕರೆಂಟ್ ಬೇಡ. ಆಕ್ಟಿವ್‌ಗೆ ಬ್ಯಾಟರಿ ಅಥವಾ ಮಿಕ್ಸರ್‌ನಿಂದ ಮೈಕ್ ಕೇಬಲ್‌ನಲ್ಲೇ ಬರುವ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಗಿಟಾರ್ ಒಳಗೆ ಬ್ಯಾಟರಿ ಪ್ರಿಆಂಪ್ ಇದ್ದರೆ ಪ್ಯಾಸಿವ್ ಸಾಕು. ಬ್ಯಾಟರಿ ಇಲ್ಲದ ಪೀಜೋ ಅಥವಾ ಬಿಲ್ಲೆ ಪಿಕಪ್ ಇದ್ದರೆ ಆಕ್ಟಿವ್ ಬೇಕು, ಅದರ ಇನ್‌ಪುಟ್ ಇಂಪಿಡೆನ್ಸ್ (ಬರುವ ಸಿಗ್ನಲ್‌ಗೆ ಒಡ್ಡುವ ತಡೆ) 1 ಮೆಗಾಓಮ್ ಅಥವಾ ಜಾಸ್ತಿ ಇರಬೇಕು. ಇಲ್ಲದಿದ್ದರೆ ಬಾಸ್ ಎಲ್ಲ ಸೋರಿ ಸೌಂಡ್ ತಗಡಿನ ಥರ ತೆಳ್ಳಗಾಗುತ್ತದೆ. ‘ಈ ಪಿಕಪ್ ಸರಿಯಿಲ್ಲ’ ಅಂತ ಗಿಟಾರ್ ಮಾರಿದವರನ್ನು ಬೈಯುವ ಮುಂಚೆ ಇದನ್ನು ನೋಡಿ.

ನಮ್ಮ ಊರುಗಳ ಮೈಕ್ ಸೆಟ್‌ನವರ ಬಳಿ ಡಿಐ ಇದ್ದರೂ ಅದು ಕೀಬೋರ್ಡ್‌ಗೆ ಹೋಗಿರುತ್ತದೆ. ನಿಮ್ಮದೇ ಒಂದು ಇಟ್ಟುಕೊಳ್ಳಿ. ಗಿಟಾರ್ ಕೊಂಡ ಮೇಲೆ ಮಾಡಬೇಕಾದ ಮೊದಲ ಖರ್ಚು ಇದೇ ಅನ್ನುವುದು ನನ್ನ ಅಭಿಪ್ರಾಯ. ಎಫೆಕ್ಟ್ ಪೆಡಲ್‌ಗಳು ಆಮೇಲೆ.

ಡಿಐ ಮೇಲೆ ‘ಗ್ರೌಂಡ್ ಲಿಫ್ಟ್’ ಅನ್ನುವ ಸಣ್ಣ ಸ್ವಿಚ್ ಇರುತ್ತದೆ. ಪೆಂಡಾಲ್‌ನಲ್ಲಿ ಒಂದು ಬೋರ್ಡ್ ಜನರೇಟರ್‌ನಿಂದ, ಇನ್ನೊಂದು ಪಕ್ಕದ ಮನೆಯಿಂದ ಬಂದಿದ್ದರೆ ‘ಹೂಂ’ ಅನ್ನುವ 50 ಹರ್ಟ್ಜ್ ಗುಂಗು ಖಾಯಂ. ಸ್ವಿಚ್ ಅತ್ತಿತ್ತ ಮಾಡಿ ನೋಡಿ, ಯಾವುದರಲ್ಲಿ ಕಮ್ಮಿಯೋ ಅಲ್ಲಿ ಬಿಡಿ. ಆದರೆ ಗುಂಗು ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವವರು ಇದ್ದಾರೆ. ಅದಕ್ಕೆ ಮಾತ್ರ ಬಿಡಬೇಡಿ. ತಂತಿ ಲೋಹದ್ದು, ಬೆರಳು ಅದರ ಮೇಲೆ, ತುಟಿ ಮೈಕ್ ಹತ್ತಿರ. ಶಾಕ್ ಹೊಡೆದರೆ ತಮಾಷೆ ಅಲ್ಲ.

ಎಲ್ಲಿ ಕೂರಬೇಕು

ದೊಡ್ಡ ಬಾಕ್ಸ್‌ಗಳು ನಿಮಗಿಂತ ಮುಂದೆ ಇರಬೇಕು, ಜನರ ಕಡೆ ಮುಖ ಮಾಡಿರಬೇಕು. ಇದನ್ನು ಹೇಳಬೇಕಾ ಅನ್ನಿಸಬಹುದು. ಆದರೆ ಗಣೇಶನ ಪೆಂಡಾಲ್‌ನಲ್ಲಿ ಜಾಗ ಇಲ್ಲ ಅಂತ ಬಾಕ್ಸ್‌ಗಳನ್ನು ವೇದಿಕೆಯ ಹಿಂದಿನ ಮೂಲೆಗೆ ನಿಲ್ಲಿಸಿದರೆ ಯಾವ ಮಿಕ್ಸರ್ ಬಂದರೂ ಫೀಡ್‌ಬ್ಯಾಕ್ ನಿಲ್ಲಿಸಲಾರದು. ಜನ ಬರುವ ಮುಂಚೆ ಹೋಗಿ, ‘ಅಣ್ಣಾ, ಇದನ್ನ ಎರಡು ಅಡಿ ಮುಂದೆ ಇಡಬಹುದಾ?’ ಅಂತ ಕೇಳಿ, ಎತ್ತಲು ನೀವೂ ಕೈ ಕೊಡಿ. ಆಮೇಲೆ ಅವರು ನಿಮ್ಮ ಮಾತು ಕೇಳುತ್ತಾರೆ.

ನುಡಿಸುವವರಿಗೇ ಕೇಳಿಸಲು ಕಾಲ ಬಳಿ ಇಡುವ ಮಾನಿಟರ್ ಬಾಕ್ಸ್ ನೇರವಾಗಿ ಸೌಂಡ್ ಹೋಲ್ ನೋಡುತ್ತಿರಬಾರದು. ಸ್ವಲ್ಪ ಓರೆಯಾಗಿ, ಕಿವಿ ಕಡೆಗೆ ಇರಲಿ. ದೂರಕ್ಕೆ ಬೆಲೆ ಇದೆ: ಬಯಲಿನಲ್ಲಿ ಬಾಕ್ಸ್‌ನಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೂತಲ್ಲೇ ಗಿಟಾರ್ ಮುಖವನ್ನು ಒಂದಿಷ್ಟು ತಿರುಗಿಸಿ ನೋಡಿ. ಎಷ್ಟೋ ಸಲ ಗೂಂ ಅಷ್ಟಕ್ಕೇ ಸುಮ್ಮನಾಗುತ್ತದೆ.

ಹಲಗೆ ಜೋಡಿಸಿದ ವೇದಿಕೆಯಾದರೆ ಅದೂ ಒಂದು ದೊಡ್ಡ ತಮಟೆ ಇದ್ದ ಹಾಗೆ. ಸಬ್‌ವೂಫರ್ ಅದರ ಮೇಲೆ ಇಟ್ಟರೆ ಕುರ್ಚಿ ಕಾಲಿನಿಂದ ಗಿಟಾರ್‌ವರೆಗೂ ನಡುಕ ಬರುತ್ತದೆ. ಸಬ್ ನೆಲಕ್ಕಿಳಿಸಿ. ಕುರ್ಚಿ ಕೆಳಗೆ ಜಮಖಾನ ಮಡಚಿ ಹಾಕಿ.

ಗೇನ್

ಗಿಟಾರ್ ಮೇಲಿನ ವಾಲ್ಯೂಮನ್ನು ಮುಕ್ಕಾಲಿಗೆ ಇಡಿ. ಪೂರ್ತಿ ಏರಿಸಿದರೆ ಮಧ್ಯೆ ಬೇಕಾದಾಗ ಜಾಗ ಇರುವುದಿಲ್ಲ, ತೀರಾ ಇಳಿಸಿದರೆ ಸುಂಯ್ ಸದ್ದು ಮೇಲೆ ಬರುತ್ತದೆ. ಗಿಟಾರ್ ಮೇಲಿನ ಬಾಸ್, ಟ್ರೆಬಲ್ ಗುಂಡಿಗಳು ನಡುವೆ ಇರಲಿ.

ಈಗ ಮಿಕ್ಸರ್‌ನಲ್ಲಿ ಫೇಡರ್ ಕೆಳಗಿರುವಾಗ ಪಿಎಫ್ಎಲ್ (ಫೇಡರ್ ಏರಿಸದೆಯೇ ಸಿಗ್ನಲ್ ಮಟ್ಟ ತೋರಿಸುವ ಬಟನ್) ಒತ್ತಿ, ಗೇನ್ ನಿಧಾನಕ್ಕೆ ಏರಿಸಲು ಹೇಳಿ. ನೀವು ಆ ದಿನದ ಅತಿ ಜೋರಿನ ಹಾಡನ್ನೇ ನುಡಿಸಬೇಕು. ಚೆಕಿಂಗ್‌ನಲ್ಲಿ ನಾಚಿಕೊಂಡು ಮೆಲ್ಲಗೆ ಮೀಟಿ, ಜನ ಬಂದ ಮೇಲೆ ಹುರುಪಿನಲ್ಲಿ ಬಾರಿಸುವುದು ನಮ್ಮೆಲ್ಲರ ಚಾಳಿ. ಅನಲಾಗ್ ಮಿಕ್ಸರ್‌ನಲ್ಲಿ ಮೀಟರ್ 0 ಹತ್ತಿರ ಆಡಲಿ, ಕೆಂಪು ದೀಪ ಹತ್ತಬಾರದು. ಡಿಜಿಟಲ್ ಮಿಕ್ಸರ್ ಆದರೆ ಮೈನಸ್ 18 ಡೆಸಿಬಲ್ ಆಸುಪಾಸು ಸಾಕು. ಆಮೇಲೆ ಫೇಡರ್.

ಹೊಡೆತ ಮೆದುವಾದಷ್ಟೂ ಪೀಜೋ ಮರದ ಹಾಗೆ ಕೇಳಿಸುತ್ತದೆ. ಕೈ ಮೆಲ್ಲಗಿರಲಿ, ಜೋರು ಮಾಡುವ ಕೆಲಸ ಬಾಕ್ಸ್‌ಗೆ ಬಿಡಿ. ದಪ್ಪ ಪಿಕ್ ಬದಲು 0.7 ಮಿಲಿಮೀಟರ್ ಆಸುಪಾಸಿನದು ತೆಗೆದುಕೊಂಡರೆ ಆ ಟ್ಯಾಕ್ ಸದ್ದು ಅಲ್ಲೇ ಅರ್ಧ ಹೋಗುತ್ತದೆ.

ಇಕ್ಯೂ: ಏರಿಸುವ ಮುಂಚೆ ಇಳಿಸಿ

ಗಿಟಾರ್‌ನ ಅತಿ ಕೆಳಗಿನ ಸ್ವರ 82 ಹರ್ಟ್ಜ್. ಅದರ ಕೆಳಗೆ ಬರುವುದೆಲ್ಲ ಕಾಲಿನ ಸಪ್ಪಳ, ಅಂಗೈ ತಾಗುವ ದಬ್ ದಬ್. ಹಾಗಾಗಿ ಮಿಕ್ಸರ್‌ನ ಲೋ ಕಟ್ ಬಟನ್ ಮೊದಲು ಒತ್ತಿಸಿ. ಸಾಮಾನ್ಯವಾಗಿ ಅದು 80 ಅಥವಾ 100 ಹರ್ಟ್ಜ್‌ಗೆ ಇರುತ್ತದೆ. ಬಾಸ್ ಗಿಟಾರ್, ತಬಲಾ ಜೊತೆಗಿದ್ದರೆ 120ರವರೆಗೂ ಏರಿಸಬಹುದು. ಒಬ್ಬರೇ ಕೇಳಿದರೆ ತೆಳ್ಳಗೆ ಅನ್ನಿಸುತ್ತದೆ, ಎಲ್ಲರ ಜೊತೆ ಸೇರಿದಾಗ ಸರಿಯಾಗಿ ಕೂರುತ್ತದೆ.

ಮುಂದೆ ಗೂಂ ಸ್ವರ ಹುಡುಕಬೇಕು. ಗಿಟಾರ್ ಹಿಡಿದು ಕೂತು, ತಂತಿಗಳನ್ನು ಮುಟ್ಟದೆ ಬಿಡಿ. ಫೇಡರ್ ನಿಧಾನಕ್ಕೆ ಏರಿಸಲು ಹೇಳಿ. ಒಂದು ಹಂತದಲ್ಲಿ ಗಿಟಾರ್ ತಾನೇ ಹಾಡಲು ಶುರು ಮಾಡುತ್ತದೆ. ತಕ್ಷಣ ಫೇಡರ್ ಸ್ವಲ್ಪ ಇಳಿಸಿ. ಆ ಸ್ವರ ಯಾವುದು ಅಂತ ದಪ್ಪ ತಂತಿಗಳ ಮೇಲೆ ಹುಡುಕಿ. ಮೂರನೇ ಫ್ರೆಟ್ ಜಿ ಆದರೆ 98, ತೆರೆದ ಎ ತಂತಿ ಆದರೆ 110, ತೆರೆದ ಡಿ ಆದರೆ 147, ತೆರೆದ ಜಿ ಆದರೆ 196 ಹರ್ಟ್ಜ್. 200ರ ಆಸುಪಾಸು ಸಿಕ್ಕರೆ ಅದು ಹೆಚ್ಚಾಗಿ ಗಿಟಾರ್‌ನ ಮುಂದಿನ ಹಲಗೆಯ ಸ್ವರ. ಮುಚ್ಚಳ ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಸ್ವರ ಗೊತ್ತಾದ ಮೇಲೆ ‘ಅಣ್ಣಾ, 200ರಲ್ಲಿ ಒಂಚೂರು ಕಟ್ ಮಾಡಿ’ ಅಂದರೆ ಸಾಕು. ‘ಏನೋ ಗುಂಯ್ ಅಂತಿದೆ’ ಅಂದಿದ್ದರೆ ಅವರು ಪೂರ್ತಿ ಬಾಸ್ ತೆಗೆಯುತ್ತಿದ್ದರು.

ಗಿಟಾರ್ ಪ್ರಿಆಂಪ್ ಮೇಲೆ ‘ಫೇಸ್’ ಅನ್ನುವ ಬಟನ್ ಇದ್ದರೆ ಗೂಂ ಬರುವಾಗ ಒಮ್ಮೆ ಒತ್ತಿ ನೋಡಿ. ಬಾಕ್ಸ್‌ನಿಂದ ಬರುವ ಅಲೆ ಮತ್ತು ಗಿಟಾರ್‌ನ ಅಲುಗಾಟ ಒಂದೇ ದಿಕ್ಕಿನಲ್ಲಿ ತಳ್ಳುತ್ತಿದ್ದರೆ ಅದು ಉಲ್ಟಾ ಆಗುತ್ತದೆ. ಕೂರುವ ಜಾಗ ಬದಲಾದರೆ ಇದೂ ಬದಲಾಗುತ್ತದೆ, ಹಾಗಾಗಿ ಕಳೆದ ಸಲ ಎಲ್ಲಿತ್ತು ಅನ್ನುವುದು ಲೆಕ್ಕಕ್ಕಿಲ್ಲ.

ಪ್ಲಾಸ್ಟಿಕ್ ಸದ್ದಿನ ಜಾಗ 1.5ರಿಂದ 3 ಕಿಲೋಹರ್ಟ್ಜ್ ನಡುವೆ. ಮಿಡ್ ಗುಂಡಿಗೆ ಪಕ್ಕದಲ್ಲಿ ಫ್ರೀಕ್ವೆನ್ಸಿ ತಿರುಗಿಸುವ ಇನ್ನೊಂದು ಗುಂಡಿ ಇದ್ದರೆ, ವಾಲ್ಯೂಮ್ ಇಳಿಸಿಕೊಂಡು, ಮಿಡ್ ಸ್ವಲ್ಪ ಏರಿಸಿ ಆ ವ್ಯಾಪ್ತಿಯಲ್ಲಿ ತಿರುಗಿಸಿ. ಅತಿ ಅಸಹ್ಯವಾಗಿ ಕೇಳಿಸುವ ಜಾಗ ಸಿಕ್ಕ ಮೇಲೆ ಅಲ್ಲೇ 3–4 ಡೆಸಿಬಲ್ ಇಳಿಸಿ. ಹಾಡುವವರ ಮಾತು ಸ್ಪಷ್ಟವಾಗುವುದೂ ಈ ವ್ಯಾಪ್ತಿಯಲ್ಲೇ. ಇಲ್ಲಿ ಗಿಟಾರ್ ತಗ್ಗಿದರೆ ಗಾಯಕರಿಗೂ ಜಾಗ ಸಿಗುತ್ತದೆ. ಕೊನೆಗೆ ಬೇಕಿದ್ದರೆ 8–10 ಕಿಲೋಹರ್ಟ್ಜ್‌ನಲ್ಲಿ ಒಂದು ಚಿಟಿಕೆ ಏರಿಸಿ. ಖಾಲಿ ಸಭಾಂಗಣದಲ್ಲಿ ಇದು ಜಾಸ್ತಿ ಅನ್ನಿಸಿದರೂ ಜನ ತುಂಬಿದ ಮೇಲೆ ಅವರ ಮೈ, ಬಟ್ಟೆಗಳು ಈ ಟ್ರೆಬಲ್ ಸದ್ದನ್ನು ಹೀರಿಕೊಳ್ಳುತ್ತವೆ.

ಎಕೋ ಬೇಡ ಅಣ್ಣ

ನಮ್ಮ ಕಡೆ ಮೈಕ್ ಸೆಟ್‌ನವರಿಗೆ ಎಕೋ ಮೇಲೆ ವಿಪರೀತ ಪ್ರೀತಿ. ಬಯಲಿನ ಪೆಂಡಾಲ್‌ನಲ್ಲಿ ಸ್ವಲ್ಪ ರಿವರ್ಬ್ (ದೊಡ್ಡ ಕೋಣೆಯಲ್ಲಿ ಸದ್ದು ಉಳಿದಂತೆ ಕೇಳಿಸುವ ಎಫೆಕ್ಟ್) ಇದ್ದರೆ ಗಿಟಾರ್‌ಗೆ ನಿಜಕ್ಕೂ ಚಂದ, ಅಲ್ಲಿ ಸದ್ದು ತಿರುಗಿ ಬರಲು ಗೋಡೆ ಇಲ್ಲ. ಗಾಜಿನಮನೆಯಂಥ ಕಡೆ ಕಥೆಯೇ ಬೇರೆ. ಗಾಜು ಸದ್ದನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತದೆ. ಒಂದು ಚಪ್ಪಾಳೆ ತಟ್ಟಿ ನೋಡಿ, ಅದು ಸಾಯುವವರೆಗೆ ಕಾಯಿರಿ. ಸದ್ದು ಇನ್ನೂ ಓಡಾಡುತ್ತಿದ್ದರೆ ಮಿಕ್ಸರ್‌ನಿಂದ ರಿವರ್ಬ್ ಪೂರ್ತಿ ತೆಗೆಸಿ. ಅಂಥ ಕಡೆ ನಾನು ಬಾರಿಸುವುದನ್ನೂ ಕಮ್ಮಿ ಮಾಡುತ್ತೇನೆ. ಹದಿನಾರು ಹೊಡೆತದ ಜಾಗದಲ್ಲಿ ಎಂಟು. ಉಳಿದ ಎಂಟನ್ನು ಗಾಜೇ ನುಡಿಸುತ್ತದೆ!

ಪಿಕಪ್ ಇಲ್ಲದ ಗಿಟಾರ್

ಮೈಕ್ ಇಟ್ಟು ಮಾಡಬಹುದು. ಹನ್ನೆರಡನೇ ಫ್ರೆಟ್ ಎದುರು 15ರಿಂದ 30 ಸೆಂಟಿಮೀಟರ್ ದೂರದಲ್ಲಿ, ಕುತ್ತಿಗೆ ಹೊಟ್ಟೆಗೆ ಸೇರುವ ಕಡೆ ಸ್ವಲ್ಪ ಓರೆಯಾಗಿ. ಸೌಂಡ್ ಹೋಲ್‌ಗೆ ನೇರವಾಗಿ ಇಟ್ಟರೆ ಬರೀ ಗೂಂ. ಕಂಡೆನ್ಸರ್ ಮೈಕ್ ಚಂದ ಕೇಳಿಸುತ್ತದೆ, ಅದಕ್ಕೆ ಫ್ಯಾಂಟಮ್ ಪವರ್ ಬೇಕು. ಗದ್ದಲ ಇದ್ದರೆ ಶೂರ್ ಎಸ್ಎಂ57 ಥರದ ಡೈನಾಮಿಕ್ ಮೈಕ್ ವಾಸಿ. ಮಾನಿಟರ್ ಮೈಕ್‌ನ ಬೆನ್ನ ಹಿಂದೆ ಇರಲಿ.

ಆದರೆ ಡ್ರಮ್ಸ್ ಜೊತೆ ಇದನ್ನು ನಂಬಬೇಡಿ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಆಗ ಕಂಪನಿ ನಾಟಕದ ನಟರು ಬರೀ ಗಂಟಲಿನಿಂದಲೇ ಕೊನೇ ಸಾಲಿಗೆ ಮುಟ್ಟಿಸಬೇಕಿತ್ತು. ಅವರ ಜೊತೆ ನಿಲ್ಲುವ ದನಿ ಹಾರ್ಮೋನಿಯಂಗೆ ಇದೆ. ಗಿಟಾರ್‌ಗೆ ಆ ಗಂಟಲಿಲ್ಲ. ಅದು ಕೋಣೆಯ ವಾದ್ಯ.

ಮಾನಿಟರ್ ಮತ್ತು ಕೊನೇ ಚೆಕ್

ಮಾನಿಟರ್‌ನಲ್ಲಿ ನಿಮ್ಮ ಗಿಟಾರ್ ಬೇಕಾದಷ್ಟೇ ಇರಲಿ. ‘ನಂಗೆ ಕೇಳಿಸ್ತಿಲ್ಲ, ಇನ್ನೂ ಕೊಡಿ’ ಅನ್ನುವ ಬದಲು, ‘ಕೀಬೋರ್ಡ್ ಸ್ವಲ್ಪ ಕಮ್ಮಿ ಮಾಡ್ತೀರಾ?’ ಅಂತ ಕೇಳಿ. ಮುಂಭಾಗದ ಬಾಕ್ಸ್‌ಗಳಲ್ಲಿ ತೆಗೆದ ಗೂಂ ಸ್ವರವನ್ನು ಮಾನಿಟರ್‌ನಲ್ಲೂ ತೆಗೆಸಬೇಕು. ಇದನ್ನು ಮರೆತು ಅರ್ಧ ತಾಸು ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಚೆಕಿಂಗ್‌ಗೆ ಸಮಯ ಕೊಡುವಂತೆ ಆಯೋಜಕರನ್ನು ಮುಂಚೆಯೇ ಒಪ್ಪಿಸಿ. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ ಇರುವುದರಿಂದ, ತಡವಾಗಿ ಶುರುವಾದ ಕಾರ್ಯಕ್ರಮದಲ್ಲಿ ಮೊದಲು ಕತ್ತರಿ ಬೀಳುವುದು ಚೆಕಿಂಗ್‌ಗೇ. ಹತ್ತೇ ನಿಮಿಷ ಸಿಕ್ಕರೆ ಬ್ಯಾಟರಿ, ಲೋ ಕಟ್, ಗೂಂ ಸ್ವರ ಇಷ್ಟು ನೋಡಿಕೊಳ್ಳಿ. ಉಳಿದದ್ದು ಮೊದಲ ಹಾಡಿನಲ್ಲಿ ಸರಿಹೋಗುತ್ತದೆ.

ಹಾಡು ಮುಗಿದ ಮೇಲೆ ಚಪ್ಪಾಳೆ ನಡುವೆ ಎದ್ದು ಕೇಬಲ್ ಕೀಳಬೇಡಿ. ಆ ‘ಡಬ್’ ಸದ್ದಿಗೆ ಮುಂದಿನ ಸಾಲಿನ ಮಕ್ಕಳು ಅಳುತ್ತವೆ, ಬಾಕ್ಸ್‌ಗೂ ಒಳ್ಳೆಯದಲ್ಲ. ಮಿಕ್ಸರ್ ಕಡೆ ಕೈ ಎತ್ತಿ, ‘ಅಣ್ಣಾ, ಮ್ಯೂಟ್ ಆಯ್ತಾ?’ ಅಂತ ಕೇಳಿ. ಅವರು ತಲೆ ಆಡಿಸಿದ ಮೇಲೆ ಪಿನ್ ತೆಗೆಯಿರಿ.